ಅಪ್‌ಡೇಟ್: ಬೂಸ್ಟ್ ಏರದ ಕಾರು, ಕಳ್ಳ ಸಿಕ್ಕಿಬಿದ್ದ

ನನ್ನ ಕಾರಿನ ಟರ್ಬೊ ಬೂಸ್ಟ್ (ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) 1.2 ಬಾರ್ ಬದಲು 0.9ಕ್ಕೇ ನಿಲ್ಲುತ್ತಿದೆ, ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ತಿದ್ದಲೇ ಅಂತ ಹಿಂದೆ ಇಲ್ಲಿ ಕೇಳಿದ್ದೆ. "ಮೊದಲು ಲಾಗ್ ಮಾಡಿ", ಅಂದರೆ ಕಾರು ಓಡುವಾಗಿನ ಸೆನ್ಸರ್ ಅಳತೆಗಳನ್ನು ದಾಖಲಿಸಿ ನೋಡಿ ಅಂದವರಿಗೆಲ್ಲ ದೊಡ್ಡ ನಮಸ್ಕಾರ.

ಮೊದಲ ಲಾಗ್ ದಂಡ. ಆಸೆಬುರುಕನಂತೆ 20 ಚಾನೆಲ್ (ಬೇರೆಬೇರೆ ಅಳತೆ) ಆರಿಸಿದ್ದಕ್ಕೆ ಸೆಕೆಂಡಿಗೆ ಒಂದೇ ರೀಡಿಂಗ್! ಆರ್‌ಪಿಎಂ, ಬೂಸ್ಟ್, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತ), ಟೈಮಿಂಗ್ (ಕಿಡಿ ಹಾರುವ ಸಮಯ), ನಾಕ್ (ಎಂಜಿನ್ನಿನೊಳಗೆ ಅಕಾಲಿಕ ಸ್ಫೋಟ), ವೇಸ್ಟ್‌ಗೇಟ್ ಡ್ಯೂಟಿ (ಬೂಸ್ಟ್ ಏರಿಸಲು ಕಂಪ್ಯೂಟರ್ ಎಷ್ಟು ಒತ್ತಾಯಿಸುತ್ತಿದೆ ಅನ್ನೋದು) ಇಷ್ಟೇ ಉಳಿಸಿಕೊಂಡು, ಖಾಲಿ ಟ್ರ್ಯಾಕಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದೆ. ಡ್ಯೂಟಿ 95% ಮುಟ್ಟಿದರೂ ಬೂಸ್ಟ್ ಏರಲಿಲ್ಲ, ಲ್ಯಾಂಬ್ಡಾ 0.80 ಇರಬೇಕಾದಲ್ಲಿ 0.72, ಅಂದರೆ ಪೆಟ್ರೋಲ್ ಜಾಸ್ತಿ. ಮಾಫ್ ಸೆನ್ಸರ್ (ಒಳಬರುವ ಗಾಳಿ ಅಳೆಯುವ ಸೆನ್ಸರ್) ಅಳೆದ ಗಾಳಿ ಸಿಲಿಂಡರ್ ತಲುಪುವ ಮೊದಲೇ ಸೋರಿಹೋಗುತ್ತಿತ್ತು, ಪೆಟ್ರೋಲ್ ಮಾತ್ರ ಅಳತೆಯಂತೆಯೇ ಬೀಳುತ್ತಿತ್ತು. ಪೈಪುಗಳಿಗೆ ಗಾಳಿ ತುಂಬಿ ಪ್ರೆಷರ್ ಟೆಸ್ಟ್ ಮಾಡಿದಾಗ ಇಂಟರ್‌ಕೂಲರ್ (ಟರ್ಬೊ ಗಾಳಿ ತಂಪು ಮಾಡುವ ಭಾಗ) ಪೈಪಿನ ಕ್ಲಾಂಪ್ ಬುಸ್ ಅಂದಿತು. ಬಿಗಿ ಮಾಡಿದೆ, 1.2 ಬಂತು. ಮ್ಯಾಪ್ ಮುಟ್ಟಲೇ ಇಲ್ಲ.

ಈಗ 4,000 ಆರ್‌ಪಿಎಂ ಹತ್ತಿರ ಟೈಮಿಂಗ್ 3 ಡಿಗ್ರಿ ಹಿಂದೆ ಸರಿಯುತ್ತಿದೆ. ಒಳಗೆ ಹೋಗುವ ಗಾಳಿಯ ತಾಪಮಾನವನ್ನೂ ಸೇರಿಸಿ ಮತ್ತೆ ಲಾಗ್ ಮಾಡುತ್ತೇನೆ.