‘ಪುಕ್ಕವನ್ನು ಅರಗಿಸುವ ಕಿಣ್ವ’ ಎನ್ನಬಹುದೇ?

ಮಾನ್ಯರೇ,

ಕೋಳಿ ಸಾಕುವವರಿಗಾಗಿ ಬರೆಯುತ್ತಿರುವ ಕಿರುಹೊತ್ತಗೆಯೊಂದರಲ್ಲಿ, ಕೋಳಿ ಅಂಗಡಿಗಳಲ್ಲಿ ಚೀಲಗಟ್ಟಲೆ ಉಳಿಯುವ ಪುಕ್ಕದಿಂದ ಸೂಕ್ಷ್ಮಜೀವಿಗಳ ಕಿಣ್ವವನ್ನು ಬಳಸಿ, ಪ್ರೋಟೀನಿನ ಬಿಡಿ ಘಟಕಗಳಾದ ಅಮೈನೋ ಆಮ್ಲಗಳನ್ನು ಪಡೆಯುವ ವಿಧಾನವನ್ನು ವಿವರಿಸಬೇಕಾಗಿದೆ. ಕಿಣ್ವವು ಪುಕ್ಕಕ್ಕೆ ಮಾಡುವುದನ್ನು ಯಾವ ಕ್ರಿಯಾಪದದಿಂದ ಹೇಳಬೇಕೆಂಬುದು ನನ್ನ ಪ್ರಶ್ನೆ.

ಪುಕ್ಕದ ಸುಮಾರು ಶೇ. 90 ಭಾಗ ಕೆರಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿದಿರುವುದರಿಂದ ನಮ್ಮ ಜಠರದ ಪೆಪ್ಸಿನ್ ಆಗಲಿ, ಪರಂಗಿಕಾಯಿಯ ಪಪೇನ್ ಆಗಲಿ ಅದನ್ನು ಅಷ್ಟಾಗಿ ಮುರಿಯಲಾರವು. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಜೇಸನ್ ಶಿ ಮತ್ತು ಸಂಗಡಿಗರು ಕೋಳಿ ತ್ಯಾಜ್ಯದ ತೊಟ್ಟಿಯಿಂದ ಬೇರ್ಪಡಿಸಿ 1990ರಲ್ಲಿ ವರದಿ ಮಾಡಿದ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದ ತಳಿಯು ಕೆರಟಿನೇಸ್ ಎಂಬ ಕಿಣ್ವವನ್ನು ತನ್ನ ಕೋಶದ ಹೊರಗೆ ಸುರಿಸಿ ಈ ಕೆಲಸವನ್ನು ಸಾಧಿಸುತ್ತದೆ. ಇಂಥ ಬ್ಯಾಕ್ಟೀರಿಯಾ ಬೆಳೆದ ಫ್ಲಾಸ್ಕಿನಲ್ಲಿ ಮೊದಲು ಪುಕ್ಕದ ನವುರಾದ ಎಸಳುಗಳು ಕಳಚಿ ದ್ರವ ಬಗ್ಗಡವಾಗುತ್ತದೆ. ನಡುವಿನ ಗಟ್ಟಿ ಕಡ್ಡಿ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ.

‘ಕೊಳೆಸು’ ಎಂದರೆ ನಾತದ ನೆನಪೇ ಮುಂದಾಗುತ್ತದೆ. ‘ಕರಗಿಸು’ ಎಂದರೆ ಉಪ್ಪು ನೀರಿನಲ್ಲಿ ಕರಗಿದಂತೆ ಎಂಬ ತಪ್ಪು ಕಲ್ಪನೆಗೆ ಎಡೆಯಾಗುತ್ತದೆ. ಪಠ್ಯಪುಸ್ತಕದ ‘ಜಲವಿಭಜನೆ’ ಖಚಿತವಾದ ಪದವೇ ಆದರೂ ಅದು ಪ್ರೋಟೀನಿನ ಸರಪಳಿ ತುಂಡಾಗುವ ಹಂತಕ್ಕೆ ಮಾತ್ರ ಸಲ್ಲುತ್ತದೆ. ಅದಕ್ಕೆ ದಾರಿ ಮಾಡಿಕೊಡುವ ಗಂಧಕದ ಕೊಂಡಿಯ ಸಡಿಲಿಕೆ ಅಪಕರ್ಷಣ (ಎಲೆಕ್ಟ್ರಾನು ಸೇರಿಸುವ) ಕ್ರಿಯೆ, ಅದು ಬೇರೆಯೇ ರಸಾಯನ. ಇನ್ನು ‘ಅಮೈನೋ ಆಮ್ಲವಾಗಿ ಪರಿವರ್ತಿಸು’ ಎಂಬ ಪ್ರಯೋಗವನ್ನು ನಾನು ಒಪ್ಪಲಾರೆ, ಏಕೆಂದರೆ ಸೆರೀನ್, ಪ್ರೋಲೀನ್, ಸಿಸ್ಟೀನ್ ಮೊದಲಾದವು ಪುಕ್ಕದಲ್ಲಿ ಮೊದಲೇ ಸರಪಳಿಗಟ್ಟಿಕೊಂಡು ಕುಳಿತಿವೆ. ಕಿಣ್ವ ಅವನ್ನು ಬಿಡಿಸುತ್ತದೆಯೇ ಹೊರತು ಹೊಸದಾಗಿ ಉಂಟುಮಾಡುವುದಿಲ್ಲ. ಪುಕ್ಕದಲ್ಲಿ ಲೈಸೀನ್, ಮೆಥಿಯೊನೀನ್ ಕಡಿಮೆ ಇರುವುದರಿಂದ ಅದರ ಹಿಟ್ಟನ್ನು ಮೇವಿಗೆ ಬೆರೆಸುವವರು ಆ ಕೊರತೆಯನ್ನು ಬೇರೆಡೆಯಿಂದ ತುಂಬಿಕೊಳ್ಳಬೇಕಾಗುತ್ತದೆ. ‘ಪರಿವರ್ತನೆ’ ಎಂಬ ಮಾತು ರೈತರಿಂದ ಈ ಸಂಗತಿಯನ್ನು ಮರೆಮಾಚುತ್ತದೆ.

ಆದ್ದರಿಂದ ಇಡೀ ಕ್ರಿಯೆಗೆ ‘ಅರಗಿಸು’ ಎಂದೂ, ಒಳಗಿನ ಎರಡು ಹಂತಗಳಿಗೆ ‘ಸಡಿಲಿಸು’, ‘ಕತ್ತರಿಸು’ ಎಂದೂ ಬರೆಯಬೇಕೆಂದಿದ್ದೇನೆ. ‘ಅರಗಿಸಿಕೊಳ್ಳು’ ಎಂದರೆ ತಿಂದವರ ಮೈಗೆ ಸೇರುವ ಅರ್ಥ ಬರುತ್ತದೆ. ಬ್ಯಾಕ್ಟೀರಿಯಾದ ಬಗ್ಗೆ ಹಾಗೆನ್ನಬಹುದು, ತೊಟ್ಟಿಗೆ ಬೆರೆಸಿದ ಬರೀ ಕಿಣ್ವದ ಬಗ್ಗೆ ಅನ್ನಲಾಗದು. ‘ಕೊಳ್ಳು’ ಇಲ್ಲದ ‘ಅರಗಿಸು’ ಇಲ್ಲಿ ಓದುಗರ ಕಿವಿಗೆ ಸಹಜವಾಗಿ ಕೇಳಿಸುತ್ತದೆಯೇ?

ಇನ್ನೊಂದು ಕೇಳಿಕೆ. ‘ಗರಿ ತ್ಯಾಜ್ಯ’ ಎಂದು ಬರೆದರೆ ತೆಂಗು ಬೆಳೆಯುವ ಕಡೆ ತೆಂಗಿನ ಗರಿ ಎಂದುಕೊಳ್ಳುವ ಸಂಭವವಿರುವುದರಿಂದ ‘ಪುಕ್ಕ’ವನ್ನು ಆರಿಸಿದ್ದೇನೆ. ನಿಮ್ಮ ಕಡೆ ಪುಕ್ಕವೆಂದರೆ ಕೋಳಿಯ ಮೈಮೇಲಿನದೆಲ್ಲವೂ ಆಗುತ್ತದೆಯೋ, ಬಾಲದ್ದು ಮಾತ್ರವೋ? ಊರಿನ ಹೆಸರು ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.