ತೊಂಬತ್ತಕ್ಕೆ ಬಂದರೆ ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುತ್ತಿಲ್ಲ

ಹೆತ್ತೂರು ದಾರಿ

ನಮ್ಮದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಾರಿನ ಜೊತೆಗೇ ಬಂದ ಅಲಾಯ್ ಚಕ್ರಗಳು, ಟೈರಿನ ಅಳತೆ 185/65 ಆರ್15. ಮನೆ ಸಕಲೇಶಪುರದ ಹತ್ತಿರ, ಸುತ್ತ ತೋಟ. ಅಮ್ಮನ ಚಿಕಿತ್ಸೆಗಾಗಿ ಬೆಂಗಳೂರಿಗೂ ಮಂಗಳೂರಿಗೂ ಹೋಗಿಬರುತ್ತಿರಬೇಕಾಗುತ್ತದೆ.

ಹಾಸನದವರೆಗೆ ಏನೂ ಗೊತ್ತಾಗುವುದಿಲ್ಲ. ಹಾಸನ ದಾಟಿ ಚನ್ನರಾಯಪಟ್ಟಣದ ಕಡೆ ರಸ್ತೆ ಬಿಚ್ಚಿಕೊಂಡು ಮುಳ್ಳು 85 ದಾಟುತ್ತಿದ್ದಂತೆ ಸ್ಟೀರಿಂಗ್ ಸಣ್ಣಗೆ ನಡುಗಲು ಶುರುವಾಗುತ್ತದೆ. 90-95ರಲ್ಲಿ ಚೆನ್ನಾಗಿಯೇ ನಡುಗುತ್ತದೆ, ಉಂಗುರ ಸ್ಟೀರಿಂಗಿಗೆ ತಾಗಿ ಟಕಟಕ ಎನ್ನುವಷ್ಟು. ನೂರರ ಹತ್ತಿರ ಮತ್ತೆ ತಗ್ಗುತ್ತದೆ. ಬ್ರೇಕ್ ಒತ್ತಿದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಎರಡನ್ನೂ, ಅಂದರೆ ಚಕ್ರಗಳ ಕೋನ ಸರಿಪಡಿಸುವುದನ್ನೂ ತೂಕ ಸರಿದೂಗಿಸುವುದನ್ನೂ, ಮಾಡಿಸಿದೆ. ಒಂದು ವಾರ ಕಡಿಮೆಯಾದಂತೆ ಅನಿಸಿತು, ಅಷ್ಟೇ. ಇನ್ನೊಂದು ಕಡೆ ತೋರಿಸಿದರೆ ನಾಲ್ಕೂ ಟೈರ್ ಬದಲಿಸಬೇಕು, ಎರಡೂ ಕಡೆ ಲೋವರ್ ಆರ್ಮ್ (ಚಕ್ರವನ್ನು ಕಾರಿನ ತಳಕ್ಕೆ ಕೂಡಿಸುವ ತೋಳು) ಹಾಕಬೇಕು ಎಂದು ಪಟ್ಟಿ ಬರೆದುಕೊಟ್ಟರು. ಟೈರ್ ಮೂವತ್ತು ಸಾವಿರ ಕಿಲೋಮೀಟರ್ ಓಡಿವೆ, ಗೆರೆಗಳು ಇನ್ನೂ ಆಳವಾಗಿವೆ. ದುಡ್ಡು ಸುರಿಯುವ ಮೊದಲು ತಿಳಿದವರು ಒಂದು ಮಾತು ಹೇಳಿ.

ಟೋಲ್ ಗೇಟ್

ಮೂವತ್ತು ಸಾವಿರ ಎಂದರೆ ಕಡಿಮೆಯೇನಲ್ಲ. ಟೈರ್ ಬದಲಿಸಿಬಿಡಿ, ನೆಮ್ಮದಿ. ಜೊತೆಗೆ ಅಲೈನ್‌ಮೆಂಟನ್ನು ಒಳ್ಳೆಯ ಯಂತ್ರ ಇರುವ ಕಡೆ ಮತ್ತೊಮ್ಮೆ ಮಾಡಿಸಿ.

ದುರ್ಗದ ಟೈರ್ ಅಂಗಡಿ

ಮೇಡಂ, ಇನ್ನೂ ಏನನ್ನೂ ಕೊಳ್ಳಬೇಡಿ. ಚಿತ್ರದುರ್ಗದ ಬಳಿ ಪುಣೆ ಹೆದ್ದಾರಿಯ ಪಕ್ಕದಲ್ಲಿ ಟೈರ್ ಅಂಗಡಿ ಇಟ್ಟವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ತಕರಾರು ತೆಗೆಯುತ್ತೇನೆ. ನಮ್ಮ ಕಾಲದಲ್ಲಿ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಅಂಕಿ ಬರುತ್ತಿರಲಿಲ್ಲ, ನೀರುಮಟ್ಟದ ಗುಳ್ಳೆ ನೋಡಿ ರಿಮ್‌ಗೆ ಸೀಸದ ತೂಕ ಹೊಡೆಯುತ್ತಿದ್ದೆವು. ಹಾಗಾಗಿ ಅಂಕಿಗಿಂತ ಚಕ್ರವನ್ನು ನೋಡುವ ಚಟ ಉಳಿದುಬಿಟ್ಟಿದೆ.

ಮೊದಲು ಮೇಲಿನವರ ಮಾತಿಗೆ: ಅಲೈನ್‌ಮೆಂಟ್ ಕೆಟ್ಟರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರಿನ ಒಂದು ಅಂಚು ಸವೆಯುತ್ತದೆ, ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ. ತಾನಾಗಿ ನಡುಕ ಹುಟ್ಟಿಸುವುದಿಲ್ಲ. ಅಂಗಡಿಗಳಲ್ಲಿ ಎರಡನ್ನೂ ಒಂದೇ ರಸೀದಿಯಲ್ಲಿ ಬರೆಯುವುದರಿಂದ ಜನ ಎರಡೂ ಒಂದೇ ಎಂದುಕೊಂಡಿದ್ದಾರೆ. ನಡುಗುವ ಕಾರನ್ನು ಅಲೈನ್‌ಮೆಂಟ್ ಯಂತ್ರದ ಮೇಲೆ ನಿಲ್ಲಿಸಿ ಹಣ ತೆಗೆದುಕೊಳ್ಳುವುದು ಸುಲಭದ ಸಂಪಾದನೆ. ನಾನೂ ಅದೇ ಕಸುಬಿನವನು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಕಾರು. ನಿಮ್ಮ ಅಳತೆಯ ಟೈರ್ ಒಂದು ಸುತ್ತಿಗೆ ಹೆಚ್ಚುಕಡಿಮೆ 1.95 ಮೀಟರ್ ಉರುಳುತ್ತದೆ. 90 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು. ರಿಮ್‌ನ ಅಂಚಿನಲ್ಲಿ ಒಂದೇ ಕಡೆ 30 ಗ್ರಾಂ ಹೆಚ್ಚಿದೆ ಎನ್ನಿ. ಆ ವೇಗದಲ್ಲಿ ಅದು ಹೊರಕ್ಕೆ ಎಳೆಯುವ ಬಲ ಮೂರೂಮುಕ್ಕಾಲು ಕಿಲೋ ತೂಕದಷ್ಟು. ಸುತ್ತಿಗೊಮ್ಮೆ ಮೇಲಕ್ಕೆ, ಸುತ್ತಿಗೊಮ್ಮೆ ಕೆಳಕ್ಕೆ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಹಾಸನದವರೆಗೆ ನಿಮಗೆ ಗೊತ್ತಾಗದೆ ಇರುವುದು. ನೂರರ ಹತ್ತಿರ ತಗ್ಗುವುದೇಕೆ ಎಂದರೆ, ಸ್ಪ್ರಿಂಗು, ಬುಷ್ಷು (ಕೀಲುಗಳಲ್ಲಿ ಕೂರುವ ರಬ್ಬರ್), ಸ್ಟೀರಿಂಗ್ ಎಲ್ಲ ಸೇರಿದ ಮುಂಭಾಗಕ್ಕೆ ತನ್ನದೇ ಆದ ಓಲಾಟದ ಲೆಕ್ಕ ಇರುತ್ತದೆ. ಚಕ್ರದ ಲೆಕ್ಕ ಅದಕ್ಕೆ ಹೊಂದಿದ ವೇಗದಲ್ಲಿ ನಡುಕ ಎದ್ದು ಕಾಣುತ್ತದೆ, ದಾಟಿದ ಮೇಲೆ ಅಡಗುತ್ತದೆ. ಅಡಗಿತೆಂದು ವೇಗ ಹೆಚ್ಚಿಸಿಕೊಂಡು ಹೋಗುವವರಿದ್ದಾರೆ. ದೋಷ ಅಲ್ಲೇ ಇರುತ್ತದೆ, ಬೇರಿಂಗ್ ಪೆಟ್ಟು ತಿನ್ನುತ್ತಲೇ ಇರುತ್ತದೆ.

ಒಂದು ವೇಗದಲ್ಲಿ ಎದ್ದು ಇನ್ನೊಂದರಲ್ಲಿ ಅಡಗುವ ನಡುಕ, ಅದೂ ಸ್ಟೀರಿಂಗಿನಲ್ಲಿ, ಬ್ರೇಕಿಗೆ ಸಂಬಂಧವಿಲ್ಲ. ಇಷ್ಟು ಹೇಳಿದರೆ ನಾನು ಮುಂದಿನ ಚಕ್ರಗಳನ್ನು ನೋಡುತ್ತೇನೆ. ಹಿಂದಿನವಾಗಿದ್ದರೆ ಸಾಮಾನ್ಯವಾಗಿ ಸೀಟಿನಲ್ಲಿ, ಕಾಲಡಿಯ ತಗಡಿನಲ್ಲಿ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ದರೆ ಡಿಸ್ಕ್ ಎನ್ನುತ್ತಿದ್ದೆ. ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದರೆ ನಿಂತಿದ್ದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಒಳ ಜಾಯಿಂಟ್. ಒಂದು ಪರೀಕ್ಷೆ ನೀವೇ ಮಾಡಬಹುದು: ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ, ನಡುಗುತ್ತಿರುವಾಗ ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಎಂಜಿನ್ ಆರಿಸಬೇಡಿ, ಕೀಲಿಯನ್ನು ಮುಟ್ಟಲೂಬೇಡಿ. ಎಂಜಿನ್ ಸದ್ದು ಇಳಿದರೂ ನಡುಕ ಇಳಿಯದಿದ್ದರೆ ಎಂಜಿನ್ ಮೌಂಟಿಂಗ್ ಮೇಲಿನ ಅನುಮಾನ ಬಿಟ್ಟುಬಿಡಬಹುದು.

ಆಮೇಲೆ ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ, ಎಡದವು ಎಡಕ್ಕೇ, ಬಲದವು ಬಲಕ್ಕೇ. ಪಂಕ್ಚರ್ ಅಂಗಡಿಯವನೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾನೆ. ಸ್ಟೀರಿಂಗ್ ಸುಮ್ಮನಾಗಿ ಸೀಟು ನಡುಗಿದರೆ ದೋಷ ಚಕ್ರದ ಜೊತೆಯಲ್ಲೇ ಹಿಂದಕ್ಕೆ ಹೋಯಿತು ಎಂದರ್ಥ. ಏನೂ ಬದಲಾಗದಿದ್ದರೆ ಮಾತ್ರ ಚಕ್ರ ಕೂರುವ ಹಬ್, ಬೇರಿಂಗ್, ಶಾಫ್ಟ್ ಕಡೆ ನೋಡಬೇಕು. ಸ್ಟೆಪ್ನಿ ಹಾಕಿ ಪರೀಕ್ಷಿಸಲು ಹೋಗಬೇಡಿ. ಅಲಾಯ್ ಇರುವ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಚಿಕ್ಕ ಅಳತೆಯದು, 80 ದಾಟಬಾರದು ಎಂದು ಅದರ ಮೇಲೇ ಬರೆದಿರುತ್ತದೆ.

ಚಕ್ರ ಬಿಚ್ಚಿದಾಗ ಒಳಮುಖವನ್ನು ನೋಡಿ. ನಿಮ್ಮದು ತೋಟದ ದಾರಿ ಎಂದಿರಿ. ಕೆಮ್ಮಣ್ಣು ರಿಮ್‌ನ ಒಳಗೆ ಮೆತ್ತಿ ಒಣಗಿದರೆ ಅದೇ ಐವತ್ತು ಗ್ರಾಂ ಆಗುತ್ತದೆ. ತೊಳೆಯುವವರು ಹೊರಗಿನಿಂದ ನೀರು ಹೊಡೆದು ಹೋಗಿರುತ್ತಾರೆ. ಅಂಟಿಸಿದ ತೂಕದ ತುಂಡುಗಳು ಎಲ್ಲಿವೆ, ಎಷ್ಟಿವೆ, ಬರಿಯ ಅಂಟಿನ ಗುರುತು ಎಲ್ಲಾದರೂ ಉಳಿದಿದೆಯೇ ನೋಡಿ. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಆಡಿಸಿ. ಎಲ್ಲಿಯಾದರೂ ಉಬ್ಬು ಸಿಕ್ಕರೆ ಒಳಗಿನ ದಾರವೋ ಉಕ್ಕಿನ ಪಟ್ಟಿಯೋ ಬಿಟ್ಟಿದೆ ಎಂದರ್ಥ, ಆ ಟೈರಿನಲ್ಲಿ ಹೆದ್ದಾರಿಗೆ ಹೋಗಲೇಬೇಡಿ.

ಲೋವರ್ ಆರ್ಮ್ ವಿಚಾರ. ಬುಷ್ ಸಡಿಲವಾದರೆ ಇಂಥ ನಡುಕ ಹುಟ್ಟುವುದಿಲ್ಲ, ಬೇರೆಲ್ಲೋ ಹುಟ್ಟಿದ್ದು ಕೈಗೆ ಹೆಚ್ಚಾಗಿ ತಲುಪುತ್ತದೆ. ಕಾರನ್ನು ಎತ್ತಿ, ಗಡಿಯಾರದ ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಿ ಸಡಿಲು ಎಲ್ಲಿದೆ ತೋರಿಸಿ ಎಂದು ಕೇಳಿ. ಬುಷ್ ಆದರೆ ಕೆಳಗಿನಿಂದ ರಾಡ್ ಹಾಕಿ ಮೀಟಿ ತೋರಿಸಬೇಕು. ತೋರಿಸಲಾಗದವರಿಗೆ ಪಟ್ಟಿ ಬರೆಯುವ ಹಕ್ಕಿಲ್ಲ.

ನೇತ್ರಾವತಿ ತೀರ

ನನಗೂ ಹೀಗೇ ಆಗಿತ್ತು. ಹೊರಗಿನ ಅಲಾಯ್ ಹಾಕಿಸಿದ್ದೆ. ರಿಮ್‌ನ ನಡುವಿನ ತೂತು ಕಾರಿನ ಹಬ್‌ಗಿಂತ ದೊಡ್ಡದಿತ್ತು, ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತಿತ್ತು. ಯಂತ್ರದ ಮೇಲೆ ಸೊನ್ನೆ ತೋರಿಸುವುದು, ರಸ್ತೆಯ ಮೇಲೆ ನಡುಗುವುದು. ನಡುವೆ ಪ್ಲಾಸ್ಟಿಕ್ ಬಳೆ ಹಾಕಿದ ಮೇಲೆ ಹೋಯಿತು.

ದುರ್ಗದ ಟೈರ್ ಅಂಗಡಿ

ನೀವು ಹೇಳಿದ್ದು ಸರಿ. ಆದರೆ ಮೇಡಂ ಅವರದು ಕಾರಿನ ಜೊತೆಗೇ ಬಂದ ಅಲಾಯ್, ತೂತು ಹಬ್ಬಿಗೆ ಸರಿಯಾಗಿಯೇ ಇರುತ್ತದೆ. ಅವರ ವಿಷಯದಲ್ಲಿ ಹಬ್ಬಿನ ಮುಖದಲ್ಲಿ ತುಕ್ಕಿನ ಪದರ ಕೂತಿದೆಯೇ ಎಂದು ನೋಡಿದರೆ ಸಾಕು, ತಂತಿ ಬ್ರಷ್ಷಿನಿಂದ ಒಮ್ಮೆ ಉಜ್ಜಬೇಕು.

ಹೆತ್ತೂರು ದಾರಿ

ದುರ್ಗದ ಸರ್, ನೀವು ಹೇಳಿದಂತೆಯೇ ಮಾಡಿದೆ. ನ್ಯೂಟ್ರಲ್ಲಿನಲ್ಲೂ ನಡುಕ ಹಾಗೇ ಇತ್ತು. ಹಿಂದೆ ಮುಂದೆ ಚಕ್ರ ಬದಲಿಸಿದ ಮೇಲೆ ಸ್ಟೀರಿಂಗ್ ಮೆತ್ತಗಾಗಿದೆ. ಆದರೆ ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮ "ಇದೇನೇ ಇದು, ನನ್ನ ಬೆನ್ನಿಗೆ ಬಂತಲ್ಲ" ಎಂದರು!

ಒಳಗೆ ಮಣ್ಣು ಇತ್ತು, ಕೆರೆದು ತೆಗೆದರು. ಆದರೆ ಅದು ಮೊದಲು ಮುಂದಿದ್ದ ಎರಡೂ ಚಕ್ರಗಳಲ್ಲಿತ್ತು. ಬೇರೆಯಾಗಿ ಕಂಡದ್ದು ಅವುಗಳಲ್ಲಿ ಎಡಗಡೆಯ ಚಕ್ರದಲ್ಲಿ ಅಂಟಿಸಿದ ತೂಕ. ಉಳಿದವುಗಳಲ್ಲಿ ಒಂದೆರಡು ತುಂಡು, ಇದರಲ್ಲಿ ಬೆರಳಿನುದ್ದದ ಪಟ್ಟಿ, ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ. ಇದರಿಂದ ಏನಾದರೂ ತಿಳಿಯುತ್ತದೆಯೇ?

ದುರ್ಗದ ಟೈರ್ ಅಂಗಡಿ

ಬಹಳ ತಿಳಿಯುತ್ತದೆ. ಅಮ್ಮನವರು ಯಂತ್ರಕ್ಕಿಂತ ಚೆನ್ನಾಗಿ ಹೇಳಿದ್ದಾರೆ.

ಒಂದೇ ಚಕ್ರ ಅಷ್ಟು ತೂಕ ಕೇಳುತ್ತಿದೆ ಎಂದರೆ ರಿಮ್ ಬೆಂಡ್ ಆಗಿರಬೇಕು, ಇಲ್ಲವೇ ಟೈರ್ ದುಂಡಗಿಲ್ಲ. ಯಂತ್ರ ಅಳೆಯುವುದು ತೂಕದ ಹಂಚಿಕೆಯನ್ನು ಮಾತ್ರ. ಸೊಟ್ಟ ರಿಮ್‌ಗೂ ಅದು ಸೀಸ ಹಾಕಿಸಿ ಸೊನ್ನೆ ತೋರಿಸುತ್ತದೆ. ಆದರೆ ರಸ್ತೆಯ ಮೇಲೆ ಉರುಳುವಾಗ ಸೊಟ್ಟು ಸೊಟ್ಟೇ. ಮಂಚದ ಕಾಲು ಕುಂಟುತ್ತಿದ್ದರೆ ದಿಂಬಿನ ಕೆಳಗೆ ಚಕ್ಕೆ ಇಟ್ಟಂತೆ ಈ ಕೆಲಸ.

ಬ್ಯಾಲೆನ್ಸಿಂಗ್ ಯಂತ್ರ ಇರುವ ಅಂಗಡಿಗೆ ಹೋಗಿ, ಹಳೆಯ ತೂಕವನ್ನೆಲ್ಲ ಕೀಳಿಸಿ. ಚಕ್ರವನ್ನು ಶಾಫ್ಟಿಗೆ ಹಾಕಿದ ಮೇಲೆ ಯಂತ್ರ ಓಡಿಸುವುದು ಬೇಡ, ಕೈಯಿಂದ ನಿಧಾನವಾಗಿ ತಿರುಗಿಸಲು ಹೇಳಿ. ಯಂತ್ರದ ಮೈಗೆ ಒಂದು ಸ್ಕ್ರೂಡ್ರೈವರನ್ನು ಒತ್ತಿ ಹಿಡಿದು, ಅದರ ತುದಿ ರಿಮ್‌ನ ಒಳ ಅಂಚಿಗೆ ತಾಗಿಯೂ ತಾಗದಂತೆ ಇಡಬೇಕು. ಹೊರ ಅಂಚಲ್ಲ, ಒಳ ಅಂಚು. ಗುಂಡಿಯ ಪೆಟ್ಟು ಹೆಚ್ಚಾಗಿ ಬೀಳುವುದು ಅಲ್ಲಿಗೆ, ಹೊರಗಿನಿಂದ ಕಾಣುವುದೂ ಇಲ್ಲ. ಸುತ್ತುವಾಗ ಸಂದು ಒಂದೇ ಸಮ ಇದ್ದರೆ ರಿಮ್ ಸರಿ. ಒಂದು ಕಡೆ ಸಂದು ಕಾಗದದಷ್ಟು, ಇನ್ನೊಂದು ಕಡೆ ಬೆಂಕಿಕಡ್ಡಿ ತೂರುವಷ್ಟು ಆದರೆ ಕಳ್ಳ ಸಿಕ್ಕ.

ಇನ್ನೂ ಒಂದು. ಸೊನ್ನೆ ಬಂದ ಮೇಲೆ ನಟ್ ಸಡಿಲಿಸಿ, ಚಕ್ರವನ್ನು ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಿ ಎಂದು ಕೇಳಿ. ಆಗ ಇಪ್ಪತ್ತು ಗ್ರಾಂ ತೋರಿಸಿದರೆ ಚಕ್ರ ಅಲ್ಲಿ ನೆಟ್ಟಗೆ ಕೂರುತ್ತಿಲ್ಲ, ಮೊದಲಿನ ಸೊನ್ನೆಗೂ ಬೆಲೆಯಿಲ್ಲ. ಹುಡುಗರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಹೆತ್ತೂರು ದಾರಿ

ಸಿಕ್ಕ! ಎಡ ಚಕ್ರದ ಒಳ ಅಂಚಿನಲ್ಲಿ ಅಂಗೈಯಗಲ ಜಾಗ ಒಳಕ್ಕೆ ತಗ್ಗಿದೆ. ಸ್ಕ್ರೂಡ್ರೈವರ್ ತುದಿಗೆ ಆ ಜಾಗ ಬಂದಾಗಲೆಲ್ಲ ಸಂದು ಬಾಯಿ ಬಿಡುತ್ತಿತ್ತು, ಅಂಗಡಿಯ ಹುಡುಗನೇ ಮೊಬೈಲ್ ತೆಗೆದು ವಿಡಿಯೊ ಮಾಡಿಕೊಂಡ. ಮಳೆಗಾಲದಲ್ಲಿ ದೋಣಿಗಾಲ್ ದಾಟಿ ಮಾರನಹಳ್ಳಿ ಕಡೆಗೆ ಇಳಿಯುವಾಗ ನೀರು ತುಂಬಿದ ಗುಂಡಿಗೆ ಎಡ ಚಕ್ರ ಬಿದ್ದದ್ದು ನೆನಪಿದೆ. ಟೈರ್ ಒಡೆಯಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ಮುಂದೆ ಹೋಗಿದ್ದೆವು.

ಬಡಿದು ಸರಿಮಾಡಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಮಾಡಿಸಲೇ, ಹೊಸ ರಿಮ್ ತೆಗೆದುಕೊಳ್ಳಲೇ? ಆ ಟೈರ್ ಏನು ಮಾಡುವುದು?

ದುರ್ಗದ ಟೈರ್ ಅಂಗಡಿ

ಸುತ್ತಿಗೆಯಿಂದ ಬಡಿಯುವವರ ಕೈಗೆ ಅಲಾಯ್ ಕೊಡಬೇಡಿ. ಸ್ಟೀಲ್ ರಿಮ್ ಪೆಟ್ಟು ತಾಳುತ್ತದೆ, ಅಲಾಯ್ ಬಿರುಕು ಬಿಡುತ್ತದೆ. ಹೈಡ್ರಾಲಿಕ್ ಪ್ರೆಸ್ ಇಟ್ಟುಕೊಂಡು ಡಯಲ್ ಗೇಜಿನಲ್ಲಿ ಅಳೆದು ನೆಟ್ಟಗೆ ಮಾಡುವವರು ಹಾಸನದಲ್ಲೋ ಬೆಂಗಳೂರಿನಲ್ಲೋ ಸಿಗುತ್ತಾರೆ. ಒಳ ಅಂಚಿನ ಚಿಕ್ಕ ತಗ್ಗಾದರೆ ಅವರಲ್ಲಿ ಮಾಡಿಸಬಹುದು. ಮೊದಲು ಆ ಜಾಗವನ್ನು ಒರೆಸಿ, ಬಿಸಿಲಿಗೆ ಹಿಡಿದು, ಉಗುರು ಆಡಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಗುಜರಿಗೆ ಹಾಕಿ. ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ, ನಾನಂತೂ ನನ್ನ ಮಗಳ ಕಾರಿಗೆ ಹಾಕುವುದಿಲ್ಲ.

ಟೈರನ್ನು ಬಿಚ್ಚಿದಾಗ ಆ ಪೆಟ್ಟು ಬಿದ್ದ ಜಾಗದ ಒಳಗೋಡೆಯನ್ನು ಅಗಲಿಸಿ ನೋಡಲು ಹೇಳಿ. ದಾರ ಹರಿದಿದ್ದರೆ, ಗೆರೆ ಎಷ್ಟೇ ಇರಲಿ, ಆ ಟೈರ್ ಮುಗಿಯಿತು. ಒಳಗೆ ನುಣುಪಾಗಿದ್ದರೆ ಹೊಸ ವಾಲ್ವ್ ಹಾಕಿಸಿ ಅದನ್ನೇ ಓಡಿಸಿ. ಉಳಿದ ಮೂರನ್ನು ಮುಟ್ಟುವ ಅಗತ್ಯ ನನಗೆ ಕಾಣುತ್ತಿಲ್ಲ. ಟೈರಿನ ಗೋಡೆಯ ಮೇಲೆ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಮಾತ್ರ ನೋಡಿಕೊಳ್ಳಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಇದ್ದರೂ ವಯಸ್ಸಾದ ರಬ್ಬರ್ ಬಿರಿಯುತ್ತದೆ, ಗೋಡೆಯಲ್ಲಿ ಸಣ್ಣ ಸೀಳುಗಳು ಕಾಣತೊಡಗಿದಾಗ ಬದಲಿಸಿದರಾಯಿತು.

ಚಕ್ರ ಹಾಕುವಾಗ ಗಾಳಿ ಗನ್ನಿನಲ್ಲಿ ಗರ್ ಎನಿಸಿ ಬಿಟ್ಟುಬಿಡಲು ಬಿಡಬೇಡಿ. ನಟ್ಟುಗಳನ್ನು ಎದುರುಬದುರಾಗಿ ಕೈಯಲ್ಲಿ ಕೂರಿಸಿ, ಕೊನೆಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬ ಅಂಕಿ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ನೋಡಿಸಿ.

ಟೋಲ್ ಗೇಟ್

ಸರ್, ನನ್ನದು 70ರಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆ. ಇದಕ್ಕೂ ರಿಮ್ ನೋಡಿಸಲೇ?

ದುರ್ಗದ ಟೈರ್ ಅಂಗಡಿ

ನಿಮ್ಮದು ಡಿಸ್ಕ್. ಬೇರೆಯಾಗಿ ಪ್ರಶ್ನೆ ಹಾಕಿ, ಡಿಸ್ಕಿನ ದಪ್ಪವನ್ನು ನಾಲ್ಕಾರು ಕಡೆ ಮೈಕ್ರೊಮೀಟರಿನಲ್ಲಿ ಅಳೆಸಿ ಅಂಕಿಗಳನ್ನು ಅಲ್ಲಿ ಬರೆಯಿರಿ.