ಶೀಲ್ಡ್ ಹಾಕೋಕ್ಮುಂಚೆ ಡಿಎಮ್ ನಂಬರ್ ಹೇಳ್ಬೇಕಾ, ಬೇಡ್ವಾ?

ಗಡ್ಡವಿಲ್ಲದ_ವಿಝರ್ಡ್
ನಿನ್ನೆ ರಾತ್ರಿ ಗೇಮ್ ಮುಗಿದಾಗಿಂದ ತಲೆ ಕೆಟ್ಟಿದೆ, ನೀವೇ ನ್ಯಾಯ ಹೇಳಿ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಡೈಸ್ ಉರುಳಿಸಿ ಕಥೆಯ ಪಾತ್ರವಾಗಿ ಆಡೋ ಆಟ) ಐದನೇ ಎಡಿಷನ್, 2014ರ ರೂಲ್ಸ್. ನಾನು ಐದನೇ ಲೆವೆಲ್ ವಿಝರ್ಡ್, ಮೇಜ್ ಆರ್ಮರ್ ಅನ್ನೋ ರಕ್ಷಣೆ ಮಂತ್ರ ಹಾಕ್ಕೊಂಡು ಎಸಿ 15, ಅಂದ್ರೆ ನನಗೆ ಏಟು ಬೀಳೋಕೆ ಡೈಸ್ ಜೊತೆ ಎದುರಾಳಿಯ ಬೋನಸ್ ಸೇರಿ ಕನಿಷ್ಠ 15 ಆಗ್ಬೇಕು. ಓಗರ್ ಅನ್ನೋ ರಾಕ್ಷಸ ಗದೆ ಬೀಸ್ತು. ಡಿಎಮ್ (ಆಟ ನಡೆಸೋನು) ಪರದೆ ಹಿಂದೆ ಇಪ್ಪತ್ತು ಮುಖದ ಡೈಸ್ ಉರುಳಿಸಿ "ಬಿತ್ತು" ಅಂದ. ಎಷ್ಟು ಅಂತ ಕೇಳಿದ್ರೆ "ಅದೆಲ್ಲ ಹೇಳಲ್ಲ, ಶೀಲ್ಡ್ ಹಾಕ್ತೀಯೋ ಇಲ್ವೋ ಹೇಳು" ಅಂದ. ಹಾಕಿದೆ. ಶೀಲ್ಡ್ ಅಂದ್ರೆ ಎಸಿಗೆ 5 ಕೂಡಿಸೋ ಮಂತ್ರ, ಎಸಿ 20 ಆಯ್ತು. ಆಮೇಲೆ ಪರದೆ ಎತ್ತಿ ತೋರಿಸ್ದ: 16 ಪ್ಲಸ್ 6, ಒಟ್ಟು 22. ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಇರೋ ಮಂತ್ರದ ಲೆಕ್ಕ) ಹೋಯ್ತು, ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಸಿಗೋ ಒಂದು ಅವಕಾಶ) ಹೋಯ್ತು, ಜೊತೆಗೆ 15 ಎಚ್‌ಪಿನೂ (ಪ್ರಾಣದ ಅಂಕ) ಹೋಯ್ತು. ಇದು ಸರೀನಾ?

ಡಿಎಮ್_ಅಕ್ಕ
ನಾನೂ ಹಾಗೇ ಆಡಿಸೋದು. ಸ್ಪೆಲ್‌ನಲ್ಲಿ ಬರೆದಿರೋದು ಏಟು ಬಿದ್ದಾಗ ಹಾಕಬಹುದು ಅಂತ. ಎಷ್ಟು ಬಿತ್ತು ಅಂತ ತಿಳ್ಕೊಂಡು ಹಾಕಬಹುದು ಅಂತಲ್ಲ. ಗದೆ ಮುಖದ ಹತ್ರ ಬರ್ತಿರುವಾಗ ನಿಮ್ಮ ವಿಝರ್ಡ್ ಕೂಡಿಸಿ ಕಳೆದು ನೋಡ್ತಾನಾ? ಗಾಬರಿಯಲ್ಲಿ ಕೈ ಎತ್ತುತ್ತಾನೆ ಅಷ್ಟೆ. ಕ್ರಿಟಿಕಲ್ ಆದ್ರೆ ಮಾತ್ರ ಹೇಳಿಬಿಡ್ತೀನಿ, ಯಾಕಂದ್ರೆ ಡೈಸ್‌ನಲ್ಲೇ 20 ಬಿದ್ದ ಮೇಲೆ ಎಸಿ ಎಷ್ಟಿದ್ರೂ ಏಟು ತಪ್ಪಲ್ಲ.

ಇಪ್ಪತ್ತುಮುಖ
ಅಕ್ಕ, ಲೆಕ್ಕ ವಿಝರ್ಡ್ ಮಾಡ್ದೇ ಇದ್ರೆ ನಾನು ಮಾಡ್ತೀನಿ ಬಿಡಿ. ಓಗರ್‌ಗೆ ಪ್ಲಸ್ 6. ಎಸಿ 15ಕ್ಕೆ ಡೈಸ್‌ನಲ್ಲಿ 9 ಬಿದ್ರೆ ಸಾಕು, ಅಂದ್ರೆ ಏಟು ಬೀಳೋ ಮುಖಗಳು 12. ಎಸಿ 20 ಆದ್ರೆ 14 ಬೇಕು. ಶೀಲ್ಡ್ ಉಳಿಸೋದು 9ರಿಂದ 13ರವರೆಗಿನ ಐದೇ ಮುಖ. ನಂಬರ್ ಮುಚ್ಚಿಟ್ರೆ 12ರಲ್ಲಿ 5 ಸಲ ಕೆಲಸ ಮಾಡುತ್ತೆ, 7 ಸಲ ಆ ಏಟಿನ ಮಟ್ಟಿಗೆ ಸ್ಲಾಟ್ ದಂಡ. ನಂಬರ್ ಹೇಳಿದ್ರೆ ದಂಡ ಅನ್ನೋದೇ ಇಲ್ಲ. ಪುಸ್ತಕ ಈ ವಿಷಯದಲ್ಲಿ ಬಾಯಿ ಬಿಡಲ್ಲ ನಿಜ. ಆದ್ರೆ ಬಾರ್ಡ್ (ಹಾಡುಗಾರ ಪಾತ್ರ) ಎದುರಾಳಿಯ ಡೈಸ್ ಲೆಕ್ಕ ಕಮ್ಮಿ ಮಾಡೋಕೆ ಬಳಸೋ ಕಟಿಂಗ್ ವರ್ಡ್ಸ್ ನೋಡಿ: ಡೈಸ್ ಉರುಳಿದ ಮೇಲೆ, ಬಿತ್ತೋ ತಪ್ಪಿತೋ ಅಂತ ಡಿಎಮ್ ತೀರ್ಮಾನ ಮಾಡೋಕ್ಮುಂಚೆ ಬಳಸಬೇಕು ಅಂತ ಬಿಡಿಸಿ ಬರೆದಿದ್ದಾರೆ. ಕತ್ತಲಲ್ಲಿ ಗುಂಡು ಹೊಡೀಬೇಕಾದ ಕಡೆ ಬರೆಯೋದು ಅವರಿಗೆ ಗೊತ್ತಿತ್ತು.

ಡಿಎಮ್_ಅಕ್ಕ
ಒಂದೇ ಏಟಿನ ಲೆಕ್ಕ ಹಾಕಿದ್ರಿ. ಶೀಲ್ಡ್ ನಿಮ್ಮ ಮುಂದಿನ ಸರದಿ ಶುರುವಾಗೋವರೆಗೂ ಇರುತ್ತೆ. ಓಗರ್ ಹಿಂದೆ ಮೂರು ಗಾಬ್ಲಿನ್ ನಿಂತಿದ್ರೆ? ಅವಕ್ಕೆ ಪ್ಲಸ್ 4. ಎಸಿ 15ಕ್ಕೆ ಅರ್ಧ ಏಟು ಬೀಳುತ್ತೆ, 20ಕ್ಕೆ ಕಾಲು ಭಾಗ. ಮೊದಲ ಏಟು ಬಿದ್ರೂ ಸ್ಲಾಟ್ ದಂಡ ಆಗ್ಲಿಲ್ಲ.

ಇಪ್ಪತ್ತುಮುಖ
ಗಾಬ್ಲಿನ್ ಇದ್ರೆ ಒಪ್ಕೋತೀನಿ. ಪಾಪ ಆ ಹುಡುಗನ ಮುಂದೆ ಇದ್ದಿದ್ದು ಓಗರ್ ಒಂದೇ.

ಕಡಲಕರೆ_ರೋಗ್
ನಂಬರ್ ಹೇಳುದು ಬಿಡುದು ನಿಮಗೆ ಬಿಟ್ಟದ್ದು ಮಾರಾಯ್ರೆ. ನಮ್ಮ ಟೇಬಲ್ಲಿನ ರಗಳೆಯೇ ಬೇರೆ. ಡಿಎಮ್ ಒಂದೇ ಉಸಿರಲ್ಲಿ "ಬಿತ್ತು, ಹದಿನೆಂಟು ಡ್ಯಾಮೇಜ್" ಹೇಳಿ ಆಗ್ತದೆ, ಆಮೇಲೆ ನಮ್ಮ ಸೋರ್ಸರರ್ "ಓ, ಶೀಲ್ಡ್ ಶೀಲ್ಡ್" ಹೇಳಿ ಬೊಬ್ಬೆ ಹಾಕ್ತಾನೆ. ಡ್ಯಾಮೇಜ್ ಮೂರು ಅಂತಾದ್ರೆ ಸುಮ್ಮನೆ ಕೂತಿರ್ತಾನೆ! ಅದಕ್ಕೆ ಈಗ "ಬಿತ್ತು" ಹೇಳಿದ ಮೇಲೆ ಒಮ್ಮೆ ಅವನ ಮುಖ ನೋಡುದು, ಆಮೇಲೆಯೇ ಡ್ಯಾಮೇಜ್ ಡೈಸ್ ಮುಟ್ಟುದು.

ಹಳೇ_ಪುಸ್ತಕ
ನಾ ಮೂರೂವರೆ ಎಡಿಷನ್ ಆಡಿದಾಂವ, 2003ರದ್ದು. ಆವಾಗ ಈ ಜಗಳನ ಇರ್ಲಿಲ್ರಿ. ನಿಮ್ಮ ಸರದಿಯೊಳಗ ಒಂದು ಆಕ್ಷನ್ ಕೊಟ್ಟು ಶೀಲ್ಡ್ ಮೊದಲ ಹಾಕ್ಕೊಂಡಿರಬೇಕು. ಎಸಿಗೆ 4 ಕೂಡ್ತಿತ್ತು, ಲೆವೆಲ್ಲಿಗೆ ಒಂದು ನಿಮಿಷದಂಗ ಇರ್ತಿತ್ತು. ಏಟು ಬಿದ್ದ ಮ್ಯಾಲೆ ಹಾಕೋ ಪದ್ಧತಿ 2008ರ ನಾಲ್ಕನೇ ಎಡಿಷನ್‌ನಿಂದ ಬಂತು. ಮ್ಯಾಜಿಕ್ ಮಿಸೈಲ್ ಅನ್ನೋ ಮಂತ್ರಾನೂ ತಡೀತಿತ್ತು ನೋಡ್ರಿ, ಅದೊಂದು ಈಗಲೂ ಹಂಗ ಅದ.

ಗಡ್ಡವಿಲ್ಲದ_ವಿಝರ್ಡ್
ಒಂದು ನಿಮಿಷ ಲೆವೆಲ್‌ಗೆ! ನನಗೆ ಹೊಟ್ಟೆ ಉರೀತಿದೆ ಸಾರ್.

ಡಿಎಮ್_ಅಕ್ಕ
ನಿಜ ಹೇಳ್ಬಿಡ್ತೀನಿ. ನಾನು ನಂಬರ್ ಮುಚ್ಚಿಡೋಕೆ ಶುರು ಮಾಡಿದ್ದು ವಿಝರ್ಡ್‌ಗಳ ಕಾಟಕ್ಕಲ್ಲ. ನಮ್ಮ ಟೇಬಲ್‌ನಲ್ಲಿ ಒಬ್ಬ ಎಲ್ಡ್ರಿಚ್ ನೈಟ್ (ಮಂತ್ರವೂ ಬರೋ ಯೋಧ) ಇದ್ದಾನೆ. ಪ್ಲೇಟ್ ಕವಚಕ್ಕೆ 18, ಕೈಯಲ್ಲಿ ಗುರಾಣಿ 2, ಡಿಫೆನ್ಸ್ ಸ್ಟೈಲ್‌ಗೆ 1. ಎಸಿ 21. ಅದರ ಮೇಲೆ ಶೀಲ್ಡ್ ಹಾಕಿದ್ರೆ 26. ಅವನನ್ನ ಮುಟ್ಟೋಕೆ ಆಗಲ್ಲ. ಹಾಗಾಗಿ ಸ್ವಲ್ಪ ಸ್ಲಾಟ್ ಆದ್ರೂ ಖರ್ಚಾಗ್ಲಿ ಅಂತ.

ಇಪ್ಪತ್ತುಮುಖ
ಅಕ್ಕ, ಇಲ್ಲೇ ನೋಡಿ ಎಡವಟ್ಟಾಗ್ತಿರೋದು. ಅದೇ ಓಗರ್ ತಗೊಳ್ಳಿ. ಎಸಿ 21ಕ್ಕೆ 15ರಿಂದ ಮೇಲೆ ಬೀಳಬೇಕು, ಆರು ಮುಖ. ಶೀಲ್ಡ್ ಹಾಕಿದ ಮೇಲೆ ಉಳಿಯೋದು 20 ಒಂದೇ, ಅದನ್ನ ನೀವೇ ಕ್ರಿಟಿಕಲ್ ಅಂತ ಹೇಳಿಬಿಡ್ತೀರಿ. ಅಂದ್ರೆ ನೀವು ಬರೀ "ಬಿತ್ತು" ಅಂದ್ರೆ ಸಾಕು, ನಿಮ್ಮ ನೈಟ್‌ಗೆ ನೂರಕ್ಕೆ ನೂರು ಗ್ಯಾರಂಟಿ. ನಂಬರ್ ಮುಚ್ಚಿಟ್ಟಿದ್ದರಿಂದ ಅವನಿಗೆ ಒಂದು ಕೂದಲೂ ಕೊಂಕಲಿಲ್ಲ. ಏಟು ತಿಂತಿರೋದು ಗಡ್ಡವಿಲ್ಲದವರಂಥ ಎಸಿ 15ರ ಬಡಪಾಯಿಗಳು. ಅವನನ್ನ ಹಿಡೀಬೇಕಂದ್ರೆ ಕೈ ನೋಡಿ. ಶೀಲ್ಡ್‌ಗೆ ಮಂತ್ರ ಹೇಳೋದ್ರ ಜೊತೆ ಕೈಸನ್ನೆನೂ ಮಾಡಬೇಕು. ಒಂದು ಕೈಲಿ ಕತ್ತಿ, ಇನ್ನೊಂದ್ರಲ್ಲಿ ಗುರಾಣಿ. ಸನ್ನೆ ಯಾವ ಕೈಲಿ ಮಾಡ್ತಾನೆ?

ಡಿಎಮ್_ಅಕ್ಕ
ಅಯ್ಯೋ. ಕ್ರಿಟಿಕಲ್ ಹೇಳಿಬಿಡ್ತೀನಲ್ಲ, ಅದು ಹೊಳೆದೇ ಇರ್ಲಿಲ್ಲ. ಸರಿ, ಮುಂದಿನ ವಾರದಿಂದ ನಂಬರ್ ಬಾಯಿ ಬಿಟ್ಟು ಹೇಳ್ತೀನಿ, ಅವನಿಗೆ ಮಾತ್ರ ಕತ್ತಿ ಕೆಳಗಿಡೋಕೆ ಹೇಳ್ತೀನಿ.

ತುಕ್ಕು_ಹಿಡಿಯದ_ನೈಟ್
ಅಕ್ಕಾ, ಆ ನೈಟ್ ನಾನೇ. ನಾಲ್ಕನೇ ಲೆವೆಲ್‌ನಲ್ಲೇ ವಾರ್ ಕಾಸ್ಟರ್ ಫೀಟ್ (ವಿಶೇಷ ಸಾಮರ್ಥ್ಯ) ತಗೊಂಡಿದ್ದೀನಿ, ಎರಡೂ ಕೈ ತುಂಬಿದ್ರೂ ಸನ್ನೆ ನಡೆಯುತ್ತೆ. ಕ್ಯಾರೆಕ್ಟರ್ ಶೀಟ್ ನಿಮಗೆ ಕಳಿಸಿದ್ದೆ, ನೀವು ಓದಿಲ್ಲ. ಆಮೇಲೆ ಐದನೇ ಲೆವೆಲ್‌ನಲ್ಲಿ ನನಗಿರೋದು ಮೂರೇ ಸ್ಲಾಟ್. ವಿಝರ್ಡ್‌ಗೆ ಒಂಬತ್ತು! ಒಂದು ದಿನಕ್ಕೆ ಒಂದೇ ಜಗಳ ಇಟ್ಟು ಮಲಗಿಸಿದ್ರೆ ಮೂರು ಸ್ಲಾಟೂ ದಂಡಿಯಾಗಿ ಸಾಲುತ್ತೆ. ನಾಲ್ಕೈದು ಜಗಳ ಇಡಿ, ಮಧ್ಯಾಹ್ನದೊಳಗೆ ನಾನು ಬರೀ ತಗಡು.

ಡಿಎಮ್_ಅಕ್ಕ
ಶನಿವಾರ ಬಾ, ಇಡ್ತೀನಿ. ಐದು.

ಗಡ್ಡವಿಲ್ಲದ_ವಿಝರ್ಡ್
ಇಪ್ಪತ್ತುಮುಖ ಸಾರ್, ನಿಮ್ಮ 12ರಲ್ಲಿ 5ನ್ನ ನಮ್ಮ ಡಿಎಮ್‌ಗೆ ಕಳಿಸ್ದೆ. "ನಂಬರ್ ಹೇಳ್ತೀನಿ, ಆದ್ರೆ ಮೂರು ಎಣಿಸೋದ್ರೊಳಗೆ ಉತ್ತರ ಬರಬೇಕು" ಅಂತ ಒಪ್ಕೊಂಡ. ಹೋದ ಸ್ಲಾಟ್ ವಾಪಸ್ ಕೊಡಲ್ವಂತೆ.